ಗದ್ದೆ ಅಂಚಿನ ಒಂದೆಲಗ, ಹಸಿ ತಂಬುಳಿ ಮತ್ತು ಲಿವರ್ ಹುಳು

ಪ್ರಶ್ನೆ: ಡಾಕ್ಟರೇ, ನಮ್ಮದು ಸಾಗರದ ಹತ್ತಿರದ ಹಳ್ಳಿ. ಹೋದ ತಿಂಗಳು ನಮ್ಮ ಎಮ್ಮೆ ಸೊರಗಿ, ದವಡೆಯ ಕೆಳಗೆ ನೀರು ತುಂಬಿದ ಹಾಗೆ ಊದಿಕೊಂಡಿತ್ತು. ಪಶುವೈದ್ಯರು ಸಗಣಿ ಪರೀಕ್ಷೆ ಮಾಡಿಸಿ ‘ಲಿವರ್ ಫ್ಲೂಕ್’ ಅಂದರು, ಔಷಧಿ ಕುಡಿಸಿದ್ದಾರೆ. ಅದು ಮೇಯುವ ಗದ್ದೆ ಅಂಚಿನಲ್ಲೇ ನಾವು ಒಂದೆಲಗ ಕೊಯ್ಯುವುದು. ವಾರದಲ್ಲಿ ಮೂರು ದಿನ ಹಸಿ ತಂಬುಳಿ ಮಾಡುತ್ತೇವೆ. ಆರು ವರ್ಷದ ಮಗಳಿಗೆ ನೆನಪಿನ ಶಕ್ತಿ ಹೆಚ್ಚಲಿ ಎಂದು ನಮ್ಮ ಅತ್ತೆ ದಿನಾ ಬೆಳಿಗ್ಗೆ ಎರಡು ಹಸಿ ಎಲೆ ತಿನ್ನಿಸುತ್ತಾರೆ. ಎಮ್ಮೆಯ ಹುಳು ನಮಗೂ ಬರುತ್ತದೆಯೇ? ಹಾಲು ಕುಡಿಯಬಹುದೇ?

ಉತ್ತರ: ಹಾಲಿನಿಂದ ಈ ಹುಳು ಬರುವುದಿಲ್ಲ. ಆದರೆ ಎಮ್ಮೆಗೆ ಕುಡಿಸಿದ ಔಷಧಿಯ ಅಂಶ ಕೆಲವು ದಿನ ಹಾಲಿನಲ್ಲಿ ಇರಬಹುದು, ಎಷ್ಟು ದಿನ ಬಿಡಬೇಕೆಂದು ಪಶುವೈದ್ಯರನ್ನೇ ಕೇಳಿ. ಸಗಣಿ ಬಾಚಿದರೆ, ಎಮ್ಮೆಯ ಮೈ ತೊಳೆದರೆ ಬರುವುದಿಲ್ಲ. ನೀವು ಅನುಮಾನ ಪಡಬೇಕಾದ್ದು ಆ ಎರಡು ಹಸಿ ಎಲೆಗಳನ್ನು.

ಎಮ್ಮೆಯಿಂದ ಎಲೆಗೆ ಹುಳು ಬರುವ ದಾರಿ ಸುತ್ತುಬಳಸಿನದು. ನಮ್ಮ ಕಡೆ ದನ, ಎಮ್ಮೆ, ಕುರಿಗಳಲ್ಲಿ ಕಾಣುವುದು ಹೆಚ್ಚಾಗಿ ಫ್ಯಾಸಿಯೋಲಾ ಜೈಗ್ಯಾಂಟಿಕಾ ಎಂಬ ಚಪ್ಪಟೆ ಹುಳು. ಕಸಾಯಿಖಾನೆಯಲ್ಲಿ ರೋಗದ ಲಿವರ್ ಸೀಳುವುದನ್ನು ನಾನು ನೋಡಿದ್ದೇನೆ. ಬಿಳಿಚಿ ದಪ್ಪಗಟ್ಟಿದ ಪಿತ್ತನಾಳವನ್ನು ಕತ್ತರಿಸಿದರೆ ಬೇವಿನ ಎಲೆಯಷ್ಟು ಉದ್ದದ ಕಂದು ಹುಳುಗಳು ಮಡಿಸಿಕೊಂಡು ಕುಳಿತಿರುತ್ತವೆ, ಕೆಲವು 7 ಸೆಂಟಿಮೀಟರ್ ದಾಟುತ್ತವೆ. ಅವುಗಳ ಮೊಟ್ಟೆ ಸಗಣಿಯಲ್ಲಿ ಹೊರಬೀಳುತ್ತದೆ. ಒಣ ನೆಲದಲ್ಲಿ ಬಿದ್ದ ಸಗಣಿಯಿಂದ ಮುಂದಕ್ಕೆ ಏನೂ ಆಗದು. ನೀರಿಗೆ ಬಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಮೊಟ್ಟೆ ಒಡೆದು ಕಣ್ಣಿಗೆ ಕಾಣದ ಮರಿ ಈಜತೊಡಗುತ್ತದೆ, ಕೆಲವೇ ಗಂಟೆಗಳಲ್ಲಿ ಅದಕ್ಕೆ ಲಿಮ್ನಿಯಾ ಜಾತಿಯ ಸಣ್ಣ ಬಸವನಹುಳು ಸಿಗಬೇಕು. ನಿಂತ ನೀರಿನ ಕೆರೆ, ನಿಧಾನವಾಗಿ ಹರಿಯುವ ಕಾಲುವೆ, ಭತ್ತದ ಗದ್ದೆ ಇವೇ ಆ ಬಸವನಹುಳುವಿನ ಮನೆ. ಅದರ ಹೊಟ್ಟೆಯಲ್ಲಿ ಒಂದು ಮರಿ ನೂರಾರಾಗಿ, ತಿಂಗಳು ಎರಡು ತಿಂಗಳಲ್ಲಿ ಬಾಲದ ಮರಿಗಳಾಗಿ ಮತ್ತೆ ನೀರಿಗೆ ಬರುತ್ತದೆ. ನೀರಿನ ಮಟ್ಟದಲ್ಲಿ ಸಿಕ್ಕಿದ ಹುಲ್ಲು, ತೊಟ್ಟು, ಎಲೆಗೆ ಅಂಟಿ, ಬಾಲ ಕಳಚಿ, ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ಕೂರುತ್ತದೆ. ಕಾಲು ಮಿಲಿಮೀಟರ್ ಗಾತ್ರದ ಆ ಗುಳ್ಳೆಯೇ ಹಸುವಿನ ಬಾಯಿಗೂ ನಮ್ಮ ಬಾಯಿಗೂ ಹೋಗುವುದು.

ಒಂದೆಲಗ ತೇವ ಇದ್ದಲ್ಲೇ ಹಬ್ಬುವ ಬಳ್ಳಿ. ಅಂಚಿನಿಂದ ಇಳಿದು ನೀರಿಗೆ ಮೈ ತಾಗಿಸಿಕೊಂಡಿರುವ ಎಲೆಗಳೇ ದೊಡ್ಡವು, ಎಳೆಯವು. ಕೊಯ್ಯುವವರ ಕೈ ಹೋಗುವುದೂ ಅಲ್ಲಿಗೇ.

ತೊಳೆದರೆ ಸಾಲದೇ ಎಂದು ನೀವು ಕೇಳುತ್ತೀರಿ ಎಂದು ನನಗೆ ಗೊತ್ತು. ಸಾಲದು. ಆ ಗುಳ್ಳೆ ಮಣ್ಣಿನ ಹಾಗೆ ಎಲೆಯ ಮೇಲೆ ಕೂತಿರುವುದಿಲ್ಲ, ಅಂಟು ಹಾಕಿಕೊಂಡಿರುತ್ತದೆ. ಮಜ್ಜಿಗೆಯ ಹುಳಿಯನ್ನೂ ನಂಬಬೇಡಿ. ನಮ್ಮ ಜಠರದ ಆಮ್ಲವನ್ನೇ ದಾಟಿ ಸಣ್ಣ ಕರುಳಿನಲ್ಲಿ ಚಿಪ್ಪು ಬಿಚ್ಚುವಂತೆ ಅದು ಕಟ್ಟಿಕೊಂಡಿರುತ್ತದೆ. ಇಷ್ಟು ಸಣ್ಣದಾದ್ದರಿಂದ ಮಿಕ್ಸಿಯ ಅಲಗಿಗೂ ಎಲ್ಲವೂ ಸಿಗುವ ಭರವಸೆ ಇಲ್ಲ. ಅದನ್ನು ಖಂಡಿತ ಕೊಲ್ಲುವುದು ಬೆಂಕಿ. ನಿಮ್ಮ ಸೀಮೆಯಲ್ಲೇ ಎಷ್ಟೋ ಮನೆಗಳಲ್ಲಿ ಸೊಪ್ಪನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ ತಂಬುಳಿ ಮಾಡುತ್ತಾರೆ. ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿ: ಕುದಿಯುವ ನೀರಿಗೆ ಎಲೆ ಹಾಕಿ ಎರಡು ಮೂರು ನಿಮಿಷ ಕುದಿಸಿ, ಆಮೇಲೆ ರುಬ್ಬಿ. ಬಣ್ಣ ಸ್ವಲ್ಪ ಮಾಸುತ್ತದೆ, ಘಮ ಉಳಿಯುತ್ತದೆ.

ಹಸಿಯಾಗೇ ಬೇಕು ಎಂದು ಅತ್ತೆಯವರು ಪಟ್ಟು ಹಿಡಿದರೆ ಹಿತ್ತಿಲಲ್ಲಿ ಒಂದು ಕುಂಡ ಇಡಿ. ಗದ್ದೆಯಿಂದ ಬಳ್ಳಿಯ ಬೇರುಗಂಟು ತಂದು, ಹಳೇ ಎಲೆಗಳನ್ನೆಲ್ಲ ಕಿತ್ತು ನೆಡಿ, ಬಾವಿ ನೀರು ಹಾಕಿ. ಹೊಸ ಎಲೆ ಬಂದ ಮೇಲೆ ಬಳಸಿ. ಕಳಿತ ಗೊಬ್ಬರ ಹಾಕಬಹುದು: ಬಸವನಹುಳು ಇಲ್ಲದ ಕಡೆ ಸಗಣಿಯಿಂದ ಈ ಹುಳು ಎಲೆಗೆ ಏರದು. ಮೊಮ್ಮಗಳ ಮೇಲಿನ ಅವರ ಪ್ರೀತಿಗೆ ನಾನು ಅಡ್ಡ ಬರುವುದಿಲ್ಲ, ಎಲೆ ಬರುವ ಜಾಗ ಬದಲಾಗಲಿ ಅಷ್ಟೇ. ಹಾಗೆಯೇ ಗದ್ದೆಯ ಕೆಲಸದ ನಡುವೆ ಕಾಲುವೆ ನೀರು ಕುಡಿಯುವುದು ಬೇಡ. ಎಲೆಗೆ ಅಂಟದ ಗುಳ್ಳೆಗಳು ನೀರಿನಲ್ಲೂ ತೇಲುತ್ತಿರುತ್ತವೆ.

ಭಯಪಡಬೇಕೇ? ಭಾರತದಲ್ಲಿ ಮನುಷ್ಯರಲ್ಲಿ ಈ ರೋಗ ವರದಿಯಾಗಿರುವುದು ಬಿಡಿಬಿಡಿಯಾಗಿ. ಹೊರಗಡೆ ಹಾಗಿಲ್ಲ. ಇರಾನಿನ ಗಿಲಾನ್ ಪ್ರಾಂತದಲ್ಲಿ 1989ರಲ್ಲಿ ಸುಮಾರು 10,000 ಜನಕ್ಕೆ ತಗುಲಿತ್ತು. ಅದೂ ನಿಮ್ಮ ಮಲೆನಾಡಿನಂತೆ ಮಳೆ, ಭತ್ತ, ದನಗಳ ನಾಡು, ನೀರಂಚಿನ ಸೊಪ್ಪನ್ನು ಹಸಿಯಾಗಿ ತಿನ್ನುವ ಜನ. ನಮ್ಮಲ್ಲಿ ಕಾಮಾಲೆಗೆ ಕಾರಣ ಹುಡುಕುತ್ತಾ ಎಂಡೋಸ್ಕೋಪ್ ಇಳಿಸಿದಾಗ, ಕಲ್ಲು ಇರಬೇಕೆಂದುಕೊಂಡ ಪಿತ್ತನಾಳದಿಂದ ಜೀವಂತ ಹುಳು ಹೊರಬಂದ ಪ್ರಕರಣಗಳು ದಾಖಲಾಗಿವೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರೆ ಪರೀಕ್ಷೆಗೆ ಓಡಬೇಕಿಲ್ಲ. ಬಿಡದ ಜ್ವರ, ಬಲಗಡೆ ಪಕ್ಕೆಯ ಕೆಳಗೆ ನೋವು, ಮೈಮೇಲೆ ಗಂಧೆ, ರಕ್ತಪರೀಕ್ಷೆಯಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚು: ಇವು ಒಟ್ಟಿಗೆ ಕಂಡರೆ ವೈದ್ಯರಿಗೆ ಎಮ್ಮೆಯ ಕಥೆಯನ್ನೂ ತಂಬುಳಿಯ ಕಥೆಯನ್ನೂ ಹೇಳಿ. ನೀವು ಹೇಳದೆ ಅವರಿಗೆ ಹೊಳೆಯುವುದು ಕಷ್ಟ. ಮರಿ ಕರುಳನ್ನು ತೂತು ಮಾಡಿ ಲಿವರ್ ಕೊರೆಯುತ್ತಾ ಪಿತ್ತನಾಳ ಸೇರಿ ಮೊಟ್ಟೆ ಇಡಲು ಮೂರು ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ಮಲಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ರಕ್ತದಲ್ಲಿ ಪ್ರತಿಕಾಯ ನೋಡಬೇಕು. ಶಾಲೆಯಲ್ಲಿ ಕೊಡುವ ಜಂತುಹುಳದ ಅಲ್ಬೆಂಡಜೋಲ್ ಮಾತ್ರೆಯನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಇದರ ಮದ್ದು ಟ್ರೈಕ್ಲಾಬೆಂಡಜೋಲ್, ತೂಕ ನೋಡಿ ವೈದ್ಯರೇ ಕೊಡಬೇಕು. ಕೊಟ್ಟಿಗೆಯಲ್ಲಿ ಉಳಿದ ಎಮ್ಮೆಯ ಔಷಧಿಯನ್ನು ದಯವಿಟ್ಟು ಯಾರೂ ಕುಡಿಯಬೇಡಿ.

ಪ್ರಶ್ನೆ: ಕೆಲಸಕ್ಕಾಗಿ ಪಾಟ್ನಾದಲ್ಲಿದ್ದೇನೆ. ಇಲ್ಲಿ ಚಳಿಗಾಲ ಶುರುವಾದರೆ ಗಾಡಿಯಲ್ಲಿ ಹಸಿ ಸಿಂಘಾಡ (ಕೊಳದ ನೀರಿನಲ್ಲಿ ಬೆಳೆಯುವ ಕಾಯಿ) ಮಾರುತ್ತಾರೆ, ಹಲ್ಲಿನಿಂದ ಸಿಪ್ಪೆ ಸೀಳಿ ತಿನ್ನುವುದು ರೂಢಿ. ಇದರಲ್ಲೂ ಹುಳು ಇರುತ್ತದಂತೆ, ನಿಜವೇ?

ಉತ್ತರ: ನಿಜ. ಇದು ಬೇರೆ ಹುಳು, ಫ್ಯಾಸಿಯೋಲಾಪ್ಸಿಸ್ ಬಸ್ಕಿ. ಲಿವರ್‌ಗೆ ಹೋಗದೆ ಕರುಳಿನಲ್ಲೇ ಕಚ್ಚಿಕೊಳ್ಳುತ್ತದೆ, ಹಂದಿ ಮತ್ತು ಮನುಷ್ಯರ ಮಲ ಸೇರುವ ಕೊಳಗಳಲ್ಲಿ ಹಬ್ಬುತ್ತದೆ. ಬಿಹಾರ, ಉತ್ತರಪ್ರದೇಶ, ಅಸ್ಸಾಮಿನಲ್ಲಿ ಕಂಡುಬಂದಿದೆ. ಗುಳ್ಳೆ ಇರುವುದು ಸಿಪ್ಪೆಯ ಹೊರಮೈಯಲ್ಲಿ. ಒಳಗಿನ ಬಿಳಿ ತಿರುಳಿನ ತಪ್ಪಿಲ್ಲ, ಹಲ್ಲು ಸಿಪ್ಪೆಗೆ ತಾಗಿದ ಕ್ಷಣವೇ ಅದು ಬಾಯಿಗೆ ಬರುತ್ತದೆ. ಚಾಕುವಿನಿಂದ ಸುಲಿದರೂ ಅದೇ ಕೈ, ಅದೇ ಚಾಕು ತಿರುಳನ್ನು ಮುಟ್ಟುತ್ತದೆ. ಆದ್ದರಿಂದ ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಸುಲಿಯಿರಿ. ನಿಮ್ಮ ಊರಿನ ಗಾಡಿಯವರಲ್ಲಿ ಬೇಯಿಸಿದ್ದೂ ಸಿಗುತ್ತದೆ, ಅದನ್ನೇ ಕೇಳಿ. ಹೊಟ್ಟೆನೋವು, ಭೇದಿ ಬಿಡದಿದ್ದರೆ ಮಲಪರೀಕ್ಷೆ ಮಾಡಿಸಿ, ಇದಕ್ಕೆ ಪ್ರಾಜಿಕ್ವಾಂಟೆಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಲಿವರ್ ಹುಳುವಿಗೆ ಅದೇ ಮಾತ್ರೆ ನಾಟುವುದಿಲ್ಲ, ಎರಡನ್ನೂ ಒಂದೇ ಎಂದು ಗೊಂದಲ ಮಾಡಿಕೊಳ್ಳಬೇಡಿ. ಉಪವಾಸಕ್ಕೆ ಬಳಸುವ ಸಿಂಘಾಡ ಹಿಟ್ಟಿನ ಬಗ್ಗೆ ಚಿಂತೆ ಬೇಡ, ಗುಳ್ಳೆ ಒಣಗಿದರೆ ಸಾಯುತ್ತದೆ.