ಶೆಡ್ಯೂಲ್, ಖರ್ಚು, ಪ್ರಗತಿ ಮೂರನ್ನೂ ಒಂದೇ ಸಾಫ್ಟ್‌ವೇರ್‌ಗೆ ತರಬೇಕು, ಯಾವುದನ್ನು ಕೊಳ್ಳೋಣ? ಎಷ್ಟು ತಿಂಗಳು ಬೇಕು?

ಶೆಡ್ಯೂಲ್ ಪ್ರಿಮಾವೆರಾ ಅನ್ನೋ ಪ್ಲಾನಿಂಗ್ ಸಾಫ್ಟ್‌ವೇರ್‌ನಲ್ಲಿ, ಖರ್ಚು ಅಕೌಂಟ್ಸ್‌ನವರ ಹತ್ತಿರ, ಪ್ರಗತಿ ಸೈಟ್ ಎಂಜಿನಿಯರ್‌ನ ಎಕ್ಸೆಲ್‌ನಲ್ಲಿ, ತಿಂಗಳ ಕೊನೆಗೆ ಮೂರಕ್ಕೂ ತಾಳೆಯಿಲ್ಲ, ಮ್ಯಾನೇಜ್‌ಮೆಂಟ್ ಆರು ತಿಂಗಳ ಗಡುವು ಹಾಕಿದೆ ಅಂತ ಬರೆದಿದ್ದೀರಿ. ನಾವೂ ಅಲ್ಲೇ ಇದ್ದೆವು. ನಿಮ್ಮ ಹಾಗೇ ‘ಯಾವುದನ್ನು ಕೊಳ್ಳೋಣ’ ಅಂತಲೇ ಶುರುಮಾಡಿದೆವು. ಆ ಪ್ರಶ್ನೆ ಕಡೆಯಲ್ಲಿ ಕೇಳಬೇಕಾದದ್ದು ಅಂತ ತಿಳಿಯುವಷ್ಟರಲ್ಲಿ ಕೈ ಸುಟ್ಟುಕೊಂಡಾಗಿತ್ತು.

ನಾನಾಗ ನಿರ್ಮಾಣ ಕಾಮಗಾರಿಯಲ್ಲಿ ಪ್ಲಾನಿಂಗ್ ಎಂಜಿನಿಯರ್. ಮೂರು ಡೆಮೊ ನೋಡಿದೆವು, ಮೂರೂ ಚೆನ್ನಾಗಿದ್ದವು. ಚೆನ್ನಾಗಿರದೆ ಏನು? ಡೆಮೊ ಡೇಟಾದಲ್ಲಿ ತಡವಾಗಿ ಬಂದ ಬಿಲ್ಲೂ ಇರಲ್ಲ, ಹೇಳದೆ ಕೇಳದೆ ಕೆಲಸಕ್ಕೆ ಚಕ್ಕರ್ ಹೊಡೆದ ಮೇಸ್ತ್ರಿಯೂ ಇರಲ್ಲ. ಒಂದನ್ನು ಕೊಂಡೆವು. ಹೆಸರು ಹೇಳಲ್ಲ, ಯಾಕೆಂದರೆ ತಪ್ಪು ಅದರದ್ದಲ್ಲ, ನನ್ನದು.

ನಮ್ಮ ಶೆಡ್ಯೂಲ್‌ನಲ್ಲಿ ಸುಮಾರು 3,800 ಚಟುವಟಿಕೆಗಳಿದ್ದವು. ಒಂದೊಂದಕ್ಕೂ ಬಜೆಟ್ ಹಂಚಿ, ಒಂದೊಂದಕ್ಕೂ ವೆಚ್ಚದ ಕೋಡ್ ಕೊಟ್ಟು, ನಿಜವಾದ ಖರ್ಚೂ ನೇರವಾಗಿ ಅಲ್ಲಿಗೇ ಬೀಳಲಿ ಅಂದವನು ನಾನು. ‘ಇಂಟಿಗ್ರೇಟೆಡ್’ ಅಂದರೆ ಅದೇ ಅಂದುಕೊಂಡಿದ್ದೆ. ಪರದೆಯ ಮೇಲೆ ಯಾವ ಚಟುವಟಿಕೆಯನ್ನು ಒತ್ತಿದರೂ ಅದರ ಖರ್ಚು ಕಾಣಬೇಕು, ಆಹಾ! ಅಕೌಂಟ್ಸ್‌ನ ಹಿರಿಯರೊಬ್ಬರು ‘ಇಷ್ಟು ಕೋಡಿಗೆ ವೋಚರ್ ಬರೆಯೋರು ಯಾರಪ್ಪಾ?’ ಅಂತ ಕೇಳಿದ್ದರು. ಟ್ರೈನಿಂಗ್ ಕೊಡ್ತೀವಿ ಸರ್ ಅಂದಿದ್ದೆ.

ಸೈಟ್‌ನಲ್ಲಿ ಆಗಿದ್ದು ಹೀಗೆ. ಒಂದು ಗಾಡಿ ಕಾಂಕ್ರೀಟ್ ಬರುತ್ತೆ ಅನ್ನಿ. ಅದರಲ್ಲಿ ಅರ್ಧ ಒಂದು ಫುಟಿಂಗ್‌ಗೆ (ಕಂಬದ ಬುಡದ ಅಡಿಪಾಯ), ಇನ್ನಷ್ಟು ಪಕ್ಕದ ಕಾಲಂಗೆ (ಕಂಬ), ಉಳಿದದ್ದು ಇನ್ನೆಲ್ಲೋ ತಳಕ್ಕೆ. ಚಲನ್ ಮಾತ್ರ ಒಂದೇ. ಸ್ಟೋರ್ ಕೀಪರ್ ಅದನ್ನು ಮೂರು ಕೋಡಿಗೆ ಹಂಚಬೇಕು. ಪಟ್ಟಿ ತೆರೆದರೆ ಉದ್ದಕ್ಕೂ ಒಂದೇ ಥರದ ಹೆಸರುಗಳು. ಫುಟಿಂಗ್ ಕೋಡುಗಳು ಪಟ್ಟಿಯಲ್ಲಿ ಮೇಲಿದ್ದವು. ಹಾಗಾಗಿ ಗಾಡಿಗಟ್ಟಲೆ ಕಾಂಕ್ರೀಟು, ಅದರ ಜೊತೆ ಶಟರಿಂಗ್ ಬಾಡಿಗೆ, ಎಲ್ಲವೂ ಫುಟಿಂಗ್‌ಗೆ ಬಿತ್ತು. ತಿಂಗಳುಗಳಾದ ಮೇಲೆ ನಾನು ಹೋಗಿ ಕೇಳಿದಾಗ ಸ್ಟೋರ್ ಕೀಪರ್ ಅಂದದ್ದು: ‘ಸರ್, ಗಾಡಿ ಗೇಟಲ್ಲಿ ನಿಂತಿರುತ್ತೆ, ಡ್ರಮ್ ತಿರುಗ್ತಾ ಇರುತ್ತೆ. ನಾನು ಕೋಡ್ ಹುಡುಕ್ತಾ ಕೂರ್ಲಾ?’

ತಿಂಗಳುಗಟ್ಟಲೆ ಇದು ಯಾಕೆ ಯಾರಿಗೂ ಕಾಣಲಿಲ್ಲ ಅನ್ನೋದು ಮುಖ್ಯ, ಅದಕ್ಕೇ ಲೆಕ್ಕ ಬಿಡಿಸಿ ಹೇಳುತ್ತೇನೆ. ಫುಟಿಂಗ್‌ನಲ್ಲಿ ಆದ ಕೆಲಸದ ಬಜೆಟ್ ಮೌಲ್ಯ, ಅಂದರೆ ಅರ್ನ್ಡ್ ವ್ಯಾಲ್ಯೂ, 60 ಅಂತಿಟ್ಟುಕೊಳ್ಳಿ. ದಾಖಲಾದ ಖರ್ಚು 75. ಕೆಲಸವನ್ನು ಖರ್ಚಿನಿಂದ ಭಾಗಿಸಿದರೆ ಸಿಪಿಐ, ಅಂದರೆ ಖರ್ಚಾದ ಪ್ರತಿ ರೂಪಾಯಿಗೆ ಎಷ್ಟು ರೂಪಾಯಿಯ ಕೆಲಸ ಆಯಿತು ಅನ್ನೋ ಅಳತೆ, 0.80; 1ಕ್ಕಿಂತ ಕಡಿಮೆ, ಅಂದರೆ ನಷ್ಟ. ಕಾಲಂನಲ್ಲಿ ಆದ ಕೆಲಸ 40, ಖರ್ಚು 31, ಸಿಪಿಐ 1.29, ಭರ್ಜರಿ ಲಾಭ. ಒಟ್ಟು ಕೆಲಸ 100, ಖರ್ಚು 106, ಸಿಪಿಐ 0.94. ಮ್ಯಾನೇಜ್‌ಮೆಂಟ್ ನೋಡೋದು ಈ ಕೊನೆಯ ಅಂಕಿಯನ್ನು, ಅದು ಪೂರ್ತಿ ಸರಿಯಾಗಿಯೇ ಇತ್ತು! ಅಕೌಂಟ್ಸ್‌ನ ಒಟ್ಟು ಮೊತ್ತಕ್ಕೂ ಪೈಸೆ ಪೈಸೆ ತಾಳೆಯಾಗುತ್ತಿತ್ತು. ಈಗ ತಪ್ಪು ಜಾಗಕ್ಕೆ ಬಿದ್ದ 20ನ್ನು ಫುಟಿಂಗ್‌ನಿಂದ ತೆಗೆದು ಕಾಲಂಗೆ ಹಾಕಿ. ಫುಟಿಂಗ್ 60ಕ್ಕೆ 55, ಲಾಭ. ಕಾಲಂ 40ಕ್ಕೆ 51, ಸಿಪಿಐ 0.78. ಮೊತ್ತ ಅದೇ, ಕಥೆ ಪೂರ್ತಿ ಉಲ್ಟಾ.

ಆ ಉಲ್ಟಾ ಕಥೆಯನ್ನು ನಂಬಿ ಫುಟಿಂಗ್ ಗುತ್ತಿಗೆದಾರನ ಜೊತೆ ಜಗಳ ಆಡಿದೆವು, ಪಾಪ. ಅದಕ್ಕಿಂತ ಕೆಟ್ಟದ್ದು, ಕಾಲಂ ಕೆಲಸ ನಮಗೆ ಅಗ್ಗಕ್ಕೆ ಬೀಳುತ್ತಿದೆ ಅಂದುಕೊಂಡು ಮುಂದಿನ ಟೆಂಡರ್‌ಗೆ ಸಿಸ್ಟಮ್‌ನ ದರವನ್ನೇ ಎತ್ತಿ ಹಾಕಿದೆವು. ಟೆಂಡರ್ ನಮಗೇ ಸಿಕ್ಕಿತು. ಸಿಗದೆ ಇನ್ನೇನು, ಅಷ್ಟು ಕಡಿಮೆಗೆ ಬೇರೆ ಯಾರು ಮಾಡಿಯಾರು! ಅಲ್ಲಿ ಪ್ರತಿ ಕಾಲಂ ಎದ್ದಾಗಲೂ ನಷ್ಟ ಎದ್ದು ನಿಂತಿತು. ಚಲನ್ ಕಟ್ಟುಗಳನ್ನು ಸ್ಟೋರ್‌ನ ನೆಲದ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡಿದ ಮೇಲೆ ನನಗೆ ಅರ್ಥವಾದದ್ದು.

ಆದ್ದರಿಂದ ನನ್ನ ಅಭಿಪ್ರಾಯ, ಒಪ್ಪೋದು ಬಿಡೋದು ನಿಮ್ಮಿಷ್ಟ: ಶೆಡ್ಯೂಲ್ ಮತ್ತು ಖರ್ಚನ್ನು ತಳದಲ್ಲಿ ಸೇರಿಸಬೇಡಿ, ನಡುವಿನಲ್ಲಿ ಸೇರಿಸಿ. ಕಂಟ್ರೋಲ್ ಅಕೌಂಟ್ ಅನ್ನೋದು ಇರೋದೇ ಅದಕ್ಕೆ. ಕೆಲಸದ ಒಂದು ಭಾಗ, ಅದಕ್ಕೆ ಹೊಣೆ ಹೊತ್ತ ಒಬ್ಬ ವ್ಯಕ್ತಿ, ಇವೆರಡೂ ಕೂಡುವ ಜಾಗ ಅದು. ಕೆಳಗೆ ಶೆಡ್ಯೂಲ್ ಸಾವಿರಾರು ಚಟುವಟಿಕೆಗಳಾಗಿ ಒಡೆಯಲಿ, ಖರ್ಚು ಸಿಮೆಂಟು, ಕೂಲಿ, ಬಾಡಿಗೆ ಅಂತ ತನ್ನ ದಾರಿಯಲ್ಲಿ ಒಡೆಯಲಿ. ಎರಡೂ ಮೇಲೆ ಬಂದು ಅಲ್ಲಿ ಸೇರಿದರೆ ಸಾಕು. ನಾವು ಎರಡನೇ ಸಲ 46 ಅಕೌಂಟ್ ಮಾಡಿದೆವು. ಪಟ್ಟಿಯನ್ನು ಬರೆದದ್ದು ಪ್ಲಾನಿಂಗ್‌ನವರಲ್ಲ. ಪ್ಲಾನರ್, ಅಕೌಂಟೆಂಟ್, ಸ್ಟೋರ್ ಕೀಪರ್ ಮೂವರನ್ನೂ ಒಂದೇ ಮೇಜಿಗೆ ಕೂರಿಸಿ ಬರೆಸಿದ್ದು. ಸ್ಟೋರ್ ಕೀಪರ್ ‘ಇದು ನನಗೆ ಗುರುತು ಸಿಗಲ್ಲ’ ಅಂದ ಕೋಡನ್ನು ಅಲ್ಲೇ ಹೊಡೆದುಹಾಕಿದೆವು.

ದಿನಾಂಕದ ವಿಷಯವೂ ಇದೆ. ಶೆಡ್ಯೂಲ್‌ನ ಡೇಟಾ ಡೇಟ್ (ಯಾವ ದಿನದವರೆಗಿನ ಪ್ರಗತಿ ಲೆಕ್ಕಕ್ಕೆ ಬಂದಿದೆಯೋ ಆ ದಿನ) 25, ಅಕೌಂಟ್ಸ್ ಮುಚ್ಚೋದು 30, ಸಪ್ಲೈಯರ್ ಬಿಲ್ ಬರೋದು ಅದರ ಮುಂದಿನ ತಿಂಗಳು ಅಂದರೆ ಕೆಲಸ ದಾಖಲಾಗಿರುತ್ತೆ, ಖರ್ಚು ಇರಲ್ಲ, ಸಿಪಿಐ ಸುಳ್ಳು ಹೊಳಪಿನಲ್ಲಿ ಮಿಂಚುತ್ತೆ. ಬಿಲ್ಲಿಗೆ ಕಾಯದೆ, ಮಾಲು ಒಳಗೆ ಬಂದ ದಿನವೇ ಅಂದಾಜು ಖರ್ಚನ್ನು ಬರೆದುಕೊಳ್ಳಿ.

ಶೇಕಡಾವಾರು ಪ್ರಗತಿಯನ್ನು ಯಾರ ಬಾಯಿಮಾತಿಗೂ ಬಿಡಬೇಡಿ. ಕಬ್ಬಿಣ ಕಟ್ಟಿದರೆ ಇಷ್ಟು, ಶಟರಿಂಗ್ ಆದರೆ ಇಷ್ಟು, ಕಾಂಕ್ರೀಟ್ ಬಿದ್ದರೆ ಇಷ್ಟು ಅಂತ ಮೊದಲೇ ಕಟ್ಟಿಹಾಕಿ. ಎಸ್‌ಪಿಐ, ಅಂದರೆ ಆದ ಕೆಲಸವನ್ನು ಅಷ್ಟರೊಳಗೆ ಆಗಬೇಕಿದ್ದ ಕೆಲಸದಿಂದ ಭಾಗಿಸಿದ ಅಂಕಿ, ಅದೊಂದನ್ನೇ ನಂಬಿ ಕೂರಬೇಡಿ. ಎಷ್ಟೇ ತಡವಾಗಿ ಮುಗಿದರೂ ಕೆಲಸ ಮುಗಿದ ದಿನ ಅದು 1ಕ್ಕೆ ಬಂದು ನಿಲ್ಲುತ್ತೆ.

ಎಕ್ಸೆಲ್ ನಿಮ್ಮ ಶತ್ರು ಅನ್ನೋ ಧಾಟಿಯಲ್ಲಿ ಬರೆದಿದ್ದೀರಿ. ಅಲ್ಲ. ನಮ್ಮ 46 ಸಾಲಿನ ಪಟ್ಟಿಯಂಥದ್ದನ್ನು ಎರಡು ತಿಂಗಳು ಎಕ್ಸೆಲ್‌ನಲ್ಲೇ ನಡೆಸಿ ನೋಡಿ. ಅಲ್ಲಿ ನಡೆಯದ್ದು ಯಾವ ಸಾಫ್ಟ್‌ವೇರ್‌ನಲ್ಲೂ ನಡೆಯಲ್ಲ.

ಇನ್ನು ಯಾವುದು ಅಂತ: ಪ್ಲಾನರ್‌ಗಳ ಕೈ ಪ್ರಿಮಾವೆರಾಕ್ಕೆ ಕುಳಿತಿದ್ದರೆ ಅದನ್ನು ಕಿತ್ತುಕೊಳ್ಳಬೇಡಿ, ಅದರ ಶೆಡ್ಯೂಲನ್ನು ಓದಿಕೊಳ್ಳೋ ವೆಚ್ಚದ ಸಾಫ್ಟ್‌ವೇರ್ ಹುಡುಕಿ. ಮಾರೋಕೆ ಬಂದವರ ಕೈಗೆ ನಿಮ್ಮದೇ ಅತಿ ಕೆಟ್ಟ ತಿಂಗಳ ಡೇಟಾ ಕೊಟ್ಟು ‘ಇದನ್ನು ಹಾಕಿ ತೋರಿಸಿ’ ಅನ್ನಿ. ಆ ಡೆಮೊಗೆ ಸ್ಟೋರ್ ಕೀಪರ್‌ನನ್ನೂ ಕರೆಯಿರಿ. ತಿಂಗಳ ಲೆಕ್ಕ ನಾನು ಹೇಳಲ್ಲ, ಆದರೆ ಅರ್ಧ ನಡೆದ ಪ್ರಾಜೆಕ್ಟ್‌ಗೆ ಹಾಕಬೇಡಿ, ಹೊಸದೊಂದು ಶುರುವಾಗೋವರೆಗೆ ಕಾಯಿರಿ. ಆರು ತಿಂಗಳ ಗಡುವು ಹಾಕಿರೋ ಮ್ಯಾನೇಜ್‌ಮೆಂಟ್ ಇದಕ್ಕೆ ಒಪ್ಪದಿದ್ದರೆ ಮೇಲಿನ ಕಾಲಂ ಲೆಕ್ಕ ತೋರಿಸಿ.