ಟ್ಯಾಂಕ್ ಮೇಲೆ ದೊಡ್ಡ ಮರ ಕೇಳಬಹುದಾ?

ನಮಸ್ಕಾರ. ಹಳೇ ತೆರೆದ ಜಲಾಶಯ ತೆಗೆದು ನೆಲದಡಿ ಟ್ಯಾಂಕ್ ಕಟ್ಟಿ ಮೇಲೆ ಪಾರ್ಕ್ ಮಾಡ್ತಾರೆ, ಸಭೆಯಲ್ಲಿ ನೆರಳಿನ ಮರ ಕೇಳಲಾ ಅಂದಿದ್ದೀರಿ. ಖಂಡಿತ ಕೇಳಿ, ಆದರೆ ಟ್ಯಾಂಕಿನ ಚಾವಣಿ ಮೇಲೆ ಬೇಡ. ದೊಡ್ಡ ಮರಕ್ಕೆ ದಪ್ಪ ಮಣ್ಣು ಬೇಕು, ಒಂದು ಮೀಟರ್ ದಪ್ಪ ಒದ್ದೆ ಮಣ್ಣು ಅಂದ್ರೆ ಪ್ರತಿ ಚದರ ಮೀಟರ್‌ಗೆ ಒಂದೂವರೆ ಟನ್‌ಗಿಂತ ಜಾಸ್ತಿ ಭಾರ. ಬೇರು ಇಳಿದು ನೀರು ತಡೆಯುವ ಪದರ ಹರಿದರೆ ಮಳೆನೀರು ಕುಡಿಯುವ ನೀರಿಗೇ ಸೇರುತ್ತೆ. ಚಾವಣಿ ಮೇಲೆ ಹುಲ್ಲು, ಆಟದ ಬಯಲು ಸಾಕು. ಮರಗಳು ಟ್ಯಾಂಕಿನ ಗೋಡೆಯಿಂದ ದೂರ, ಪಾರ್ಕಿನ ಅಂಚಿನಲ್ಲಿರಲಿ.

ಅಮೆರಿಕದ ಸಿಯಾಟಲ್‌ನ ಕ್ಯಾಲ್ ಆಂಡರ್ಸನ್ ಪಾರ್ಕ್ ನೋಡಿ. ಅಲ್ಲಿದ್ದ ಲಿಂಕನ್ ಜಲಾಶಯವನ್ನು ನೆಲದಡಿ ಹಾಕಿ 2005ರಲ್ಲಿ ಪಾರ್ಕ್ ತೆರೆದರು. ತೆರೆದ ನೀರು ಹೋಯ್ತಲ್ಲ ಅನ್ನೋ ಕೊರಗು ಜನಕ್ಕೆ ಇರುತ್ತೆ, ಅಲ್ವಾ? ಅದಕ್ಕೇ ಅಲ್ಲೊಂದು ಕಲ್ಲಿನ ಗುಡ್ಡ ಮಾಡಿದ್ದಾರೆ. ತುದಿಯಿಂದ ನೀರು ತೆಳುವಾಗಿ ಜಾರಿ ಕೆಳಗಿನ ಕೊಳ ಸೇರುತ್ತೆ. ನನಗೆ ತುಂಬಾ ಇಷ್ಟವಾದ ಜಾಗ ಅದು. ಜಲಾಶಯದ ನೀರನ್ನು ನಿಯಂತ್ರಿಸುತ್ತಿದ್ದ ಹಳೇ ಚಿಕ್ಕ ಕಟ್ಟಡ, ಅಂದ್ರೆ ಗೇಟ್‌ಹೌಸನ್ನೂ ಉಳಿಸಿಕೊಂಡಿದ್ದಾರೆ.

ಸಭೆಯಲ್ಲಿ ಮೊದಲು ಇದನ್ನೇ ಕೇಳಿ: ಚಾವಣಿ ಎಷ್ಟು ಭಾರ ತಡೆಯುತ್ತೆ, ಮಣ್ಣು ಎಷ್ಟು ದಪ್ಪ? ಕಾಂಕ್ರೀಟ್ ಹಾಕಿದ ಮೇಲೆ ಇದನ್ನು ಬದಲಾಯಿಸೋದು ಬಹಳ ಕಷ್ಟ.