ಕಟ್ಟಲಾಗದ ಹಗ್ಗ

ಮನಸ್ಸಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿ ಒಂಬತ್ತು ವರ್ಷ ಆಯಿತು. ಈಗಲೂ ಹಾಲ್‌ಟಿಕೆಟ್ ಮರೆತು ಪರೀಕ್ಷೆಗೆ ಹೋದ ಕನಸು ಬೀಳುತ್ತದೆ. ಇದೇನಾದರೂ ಕಾಯಿಲೆಯೇ?
– ಓದುಗರು, ಸುರತ್ಕಲ್

ಉತ್ತರ: ಕಾಯಿಲೆಯಲ್ಲ. ಪಾಸಾದ ಪರೀಕ್ಷೆಯೇ ಕನಸಿನಲ್ಲಿ ಬರುವುದು, ಫೇಲಾದದ್ದಲ್ಲ, ಅದೂ ಮರುದಿನ ಏನಾದರೂ ಜವಾಬ್ದಾರಿಯ ಕೆಲಸ ಇರುವಾಗ ಬರುತ್ತದೆ ಎಂದು ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಬರೆದಿದ್ದಾರೆ. ‘ಅಂದು ಹೆದರಿದ್ದೆ, ಆದರೂ ದಾಟಿದೆಯಲ್ಲ’ ಎಂದು ಮನಸ್ಸು ತನಗೆ ತಾನೇ ಧೈರ್ಯ ಹೇಳಿಕೊಳ್ಳುವ ರೀತಿ ಅದು. ಕನಸು ಬಿದ್ದ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿ, ಮರುದಿನ ಆಫೀಸಿನಲ್ಲಿ ಏನಿತ್ತೆಂದು ನೋಡಿ. ನಾಲ್ಕೈದು ಸಲ ನೋಡಿದರೆ ನಿಮಗೇ ಗೊತ್ತಾದೀತು.

ಪ್ರಶ್ನೆ: ಮೇಡಂ, ನನಗೆ 34. ಊರು ಮಲ್ಪೆ, ಕೆಲಸ ಮಂಗಳೂರಿನ ಒಂದು ಬ್ಯಾಂಕಿನಲ್ಲಿ. ಅಪ್ಪ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರಾಗಿದ್ದರು. ಕಳೆದ ಜುಲೈಯಲ್ಲಿ, ಬೋಟುಗಳೆಲ್ಲ ದಡದಲ್ಲಿದ್ದಾಗ, ಮನೆಯಲ್ಲೇ ಹೃದಯಾಘಾತವಾಗಿ ತೀರಿಕೊಂಡರು. ಅಂದಿನಿಂದ ಒಂದೇ ಕನಸು. ನಾನು ಬೋಟು ಕಟ್ಟುವ ದಕ್ಕೆಯಲ್ಲಿ ನಿಂತಿದ್ದೇನೆ. ಬೋಟು ಹತ್ತಿರ ಬರುತ್ತದೆ. ಅಪ್ಪ ಹೆಸರು ಹಿಡಿದು ಕರೆದು ಹಗ್ಗ ಎಸೆಯುತ್ತಾರೆ. ಹಗ್ಗ ಕೈಗೆ ಸಿಗುತ್ತದೆ, ಕಟ್ಟಲಿಕ್ಕೆ ಆಗುವುದಿಲ್ಲ, ಕೈಕಾಲು ಕಲ್ಲಾದ ಹಾಗೆ. ಬೋಟು ಹಿಂದೆ ಹೋಗುತ್ತದೆ. ಅಪ್ಪನಿಗೆ ಏನೋ ಬಾಕಿ ಉಂಟು, ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಎನ್ನುತ್ತಾರೆ ಅಮ್ಮ. ಕನಸೆಂದರೆ ಮೆದುಳು ರಾತ್ರಿ ಗುಡಿಸಿ ಹಾಕುವ ಕಸ ಎನ್ನುತ್ತಾನೆ ತಮ್ಮ. ಮನಶ್ಶಾಸ್ತ್ರ ಏನು ಹೇಳುತ್ತದೆ? ಇನ್ನೊಂದು ಹೇಳಬೇಕು, ಆ ದಿನ ಬ್ಯಾಂಕಿನಲ್ಲಿ ಆಡಿಟ್ ಇತ್ತು, ಫೋನ್ ಸೈಲೆಂಟ್‌ನಲ್ಲಿತ್ತು. ಅಪ್ಪನ ಎರಡು ಮಿಸ್ಡ್ ಕಾಲ್ ಬಂದಿತ್ತು.
– ಹೆಸರು ಬೇಡ, ಮಲ್ಪೆ

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊನೆಯ ಎರಡು ವಾಕ್ಯಗಳನ್ನು ನೀವು ಮರೆತಿದ್ದು ಆಮೇಲೆ ಸೇರಿಸಿದ ಹಾಗೆ ಬರೆದಿದ್ದೀರಿ. ನನಗೆ ಪತ್ರ ಶುರುವಾಗುವುದೇ ಅಲ್ಲಿಂದ. ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ತಮ್ಮನ ಮಾತು. ಅವನು ಸುಮ್ಮನೆ ಹೇಳಿದ್ದಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್, ಗ್ರೇಮ್ ಮಿಚಿಸನ್ ಜತೆ ಸೇರಿ 1983ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು: ಬೇಡದ್ದನ್ನು ಮರೆಯಲಿಕ್ಕಾಗಿ ಕನಸು ಕಾಣುತ್ತೇವೆ ಎಂದು. ಅದಕ್ಕೂ ಮುಂಚೆ 1977ರಲ್ಲಿ ಹಾರ್ವರ್ಡ್‌ನ ಹಾಬ್ಸನ್ ಮತ್ತು ಮೆಕಾರ್ಲಿ, ನಿದ್ದೆಯಲ್ಲಿ ಮೆದುಳಿನ ಕಾಂಡದಿಂದ ಗೊತ್ತುಗುರಿಯಿಲ್ಲದೆ ಹೊರಡುವ ಸಂಕೇತಗಳನ್ನು ಮೆದುಳಿನ ಮೇಲ್ಭಾಗ ಕಥೆಯಾಗಿ ಹೊಲಿಯುತ್ತದೆ, ಅದೇ ಕನಸು ಎಂದರು. ಇದನ್ನು ಕೇಳಿದವರು ‘ಹಾಗಾದರೆ ಕನಸಿಗೆ ಅರ್ಥವೇ ಇಲ್ಲ’ ಎಂದುಬಿಟ್ಟರು. ಹಾಬ್ಸನ್ ಹಾಗೆ ಹೇಳಲಿಲ್ಲ. ಚೂರುಗಳು ಎಲ್ಲಿಂದಲೋ ಬರಲಿ, ಹೊಲಿಯುವವರು ನೀವೇ. ಆದ್ದರಿಂದ ಕಥೆಯಲ್ಲಿ ನೀವಿರುತ್ತೀರಿ ಎಂಬುದು ಅವರ ನಿಲುವಾಗಿತ್ತು. ಕಸವೇ ಆಗಿದ್ದರೆ ದಿನಕ್ಕೊಂದು ಬಗೆಯದು ಬರಬೇಕಿತ್ತಲ್ಲ? ನಿಮಗೆ ಬರುತ್ತಿರುವುದು ಅದೇ ದಕ್ಕೆ, ಅದೇ ಹಗ್ಗ.

ಕೈಕಾಲು ಕಲ್ಲಾಗುವುದರ ಬಗ್ಗೆ ಒಂದು ಮಾತು. 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್, ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ಒಂದು ನಿದ್ದೆಯನ್ನು ಗುರುತಿಸಿದರು. (ಅಸೆರಿನ್ಸ್ಕಿ ಮೊದಲಿಗೆ ಪರೀಕ್ಷಿಸಿ ನೋಡಿದ ನಿದ್ದೆಗಳಲ್ಲಿ ತಮ್ಮ ಎಂಟು ವರ್ಷದ ಮಗನದೂ ಇತ್ತು.) ಸುಮಾರು 90 ನಿಮಿಷಕ್ಕೊಮ್ಮೆ ಬರುವ ಆ ಹೊತ್ತಿನಲ್ಲೇ ಕನಸು ದಟ್ಟವಾಗಿರುತ್ತದೆ. ಆಗ ಮೈಯ ಹೆಚ್ಚಿನ ಸ್ನಾಯುಗಳು ಸಡಿಲಾಗಿರುತ್ತವೆ, ಇಲ್ಲದಿದ್ದರೆ ನಾವು ಎದ್ದು ಕನಸಿನ ಪ್ರಕಾರ ನಡೆದುಬಿಡುತ್ತಿದ್ದೆವು. ‘ಓಡಲಾಗಲಿಲ್ಲ, ಕೂಗಲಾಗಲಿಲ್ಲ’ ಎಂಬ ಕನಸುಗಳಿಗೆ ಇದೇ ಕಾರಣ ಎಂಬ ಊಹೆ ಉಂಟು. ನಾನು ಅದನ್ನು ಪೂರ್ತಿ ಒಪ್ಪುವವಳಲ್ಲ. ನಿಮ್ಮ ಕೈ ಕಲ್ಲಾಗಲಿಕ್ಕೆ ಬೇರೆ ಕಾರಣ ಇದ್ದೀತು.

ಇನ್ನು ಅರ್ಥದ ಮಾತು. 31 ವರ್ಷ ಉಡುಪಿಯಲ್ಲಿ ಪಾಠ ಮಾಡಿದೆ. ಫ್ರಾಯ್ಡ್ ಪಾಠ ಬಂದಾಗಲೆಲ್ಲ ಯಾರಾದರೊಬ್ಬರು ಹಾವಿನ ಕನಸಿನ ಪ್ರಶ್ನೆ ಎತ್ತುತ್ತಿದ್ದರು. ಕನಸುಗಳ ಬಗ್ಗೆ ಫ್ರಾಯ್ಡ್ ಬರೆದ ಪುಸ್ತಕದ ಮೇಲೆ 1900 ಎಂದು ಅಚ್ಚಾಗಿದೆ, ಅದರಲ್ಲಿ ಹಾವು ಗಂಡಿನ ಲೈಂಗಿಕತೆಯ ಗುರುತು. ನಮ್ಮ ಮಕ್ಕಳಿಗೋ, ಹಾವು ಕಂಡರೆ ನೆನಪಾಗುವುದು ಮನೆಯ ಹಿಂದಿನ ನಾಗಬನ, ಬಾಕಿ ಉಳಿದ ಆಶ್ಲೇಷಾಬಲಿ, ಮೂಲಸ್ಥಾನಕ್ಕೆ ಹೋಗಲಿಲ್ಲವೆಂಬ ಅಜ್ಜಿಯ ಕೊರಗು. ವಿಯೆನ್ನಾದ ಹಾವನ್ನು ತಂದು ಉಡುಪಿಯ ನಾಗಬನಕ್ಕೆ ಬಿಡಲಾದೀತೇ? ನ್ಯಾಯವಾಗಿ ಹೇಳುವುದಾದರೆ, ಕನಸಿನ ಒಂದೊಂದು ತುಂಡಿಗೂ ಕಂಡವರಿಗೆ ಏನು ನೆನಪಾಗುತ್ತದೋ ಅದನ್ನೇ ಕೇಳಬೇಕು ಎಂದವರೂ ಫ್ರಾಯ್ಡ್ ಅವರೇ. ಅವರ ಆ ಅರ್ಧವನ್ನು ನಾನು ಇಟ್ಟುಕೊಂಡೆ. ಫೋನಿನಲ್ಲಿ ‘ನೀರು ಕಂಡರೆ ಹೀಗೆ, ದೋಣಿ ಕಂಡರೆ ಹಾಗೆ’ ಎಂಬ ಪಟ್ಟಿ ಸಿಕ್ಕಿದರೆ ದಯವಿಟ್ಟು ಓದಬೇಡಿ. ಮಲ್ಪೆಯ ತಾಂಡೇಲರ ಮಗಳಿಗೆ ಬೋಟು ಯಾವ ಗುರುತೂ ಅಲ್ಲ, ಅಪ್ಪನ ಅನ್ನ ಅದು.

ನನಗೆ ಹೆಚ್ಚು ನಂಬಿಕೆ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಲ್ವಿನ್ ಹಾಲ್ ಅವರ ದಾರಿಯಲ್ಲಿ. ಅವರು ಸಾಮಾನ್ಯ ಜನರ ಕನಸುಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದರು. 1966ರಲ್ಲಿ ವಾನ್ ಡಿ ಕ್ಯಾಸಲ್ ಜತೆ ತಂದ ಪುಸ್ತಕಕ್ಕೆ ಕಾಲೇಜಿನ ನೂರು ಹುಡುಗರು, ನೂರು ಹುಡುಗಿಯರು, ತಲಾ ಐದು ಕನಸು, ಹೀಗೆ ಸಾವಿರ ಕನಸುಗಳನ್ನು ಎಣಿಸಿ ನೋಡಿದ್ದರು. ಕನಸಿನಲ್ಲಿ ಇರುವುದು ಹಗಲಿನದೇ ಜನ, ಹಗಲಿನದೇ ಚಿಂತೆ. ಮಧ್ವಾಚಾರ್ಯರು ಏಳು ಶತಮಾನಗಳ ಹಿಂದೆ, ಮನಸ್ಸಿನಲ್ಲಿ ಉಳಿದ ಸಂಸ್ಕಾರಗಳನ್ನೇ ದೇವರು ಜೀವನಿಗೆ ಕನಸಾಗಿ ತೋರಿಸುತ್ತಾನೆ, ಕನಸು ಸುಳ್ಳಲ್ಲ, ಅದನ್ನು ಎಚ್ಚರವೆಂದು ತಿಳಿಯುವುದಷ್ಟೇ ಭ್ರಾಂತಿ ಎಂದಿದ್ದರು. ರಥಬೀದಿಯ ಪಕ್ಕದಲ್ಲೇ ಬೆಳೆದವಳು ನಾನು, ಇದು ತಿಳಿದದ್ದು ಮಾತ್ರ ಹಾಲ್ ಅವರನ್ನು ಓದಿದ ಎಷ್ಟೋ ವರ್ಷಗಳ ಮೇಲೆ.

ಈಗ ಮಿಸ್ಡ್ ಕಾಲ್. ಅಪ್ಪ ಕರೆದರು. ಹಗ್ಗ ಕೈಗೆ ಬಂತು. ನೀವು ಹಿಡಿಯಲಿಲ್ಲ ಎಂದಲ್ಲ, ಕಟ್ಟಲಾಗಲಿಲ್ಲ. ಫೋನೂ ನಿಮ್ಮ ಬಳಿಯೇ ಇತ್ತು. ನನಗೆ ಕಂಡದ್ದು ಇದು. ಸರಿಯೋ ತಪ್ಪೋ ಎನ್ನಬೇಕಾದವರು ನೀವು, ನಿಮಗೆ ‘ಅಲ್ಲ’ ಅನಿಸಿದರೆ ನನ್ನ ಮಾತು ಬಿಟ್ಟುಬಿಡಿ. ಹೌದು ಅನಿಸಿದರೆ ಎರಡು ಕೆಲಸ ಮಾಡಿ. ಅಪ್ಪನನ್ನು ನೋಡಿದ ಡಾಕ್ಟರ ಹತ್ತಿರ ಹೋಗಿ, ‘ನಾನು ಫೋನ್ ಎತ್ತಿದ್ದರೆ ಏನಾದರೂ ಬದಲಾಗುತ್ತಿತ್ತೇ’ ಎಂದು ನೇರವಾಗಿ ಕೇಳಿ. ಮಿಸ್ಡ್ ಕಾಲಿನ ವಿಷಯ ಅಮ್ಮನಿಗೆ ಹೇಳಿ. ಹೇಳಿಲ್ಲ ಎಂದೇ ನನ್ನ ಅಂದಾಜು.

ಅಮ್ಮನ ಜತೆ ವಾದ ಬೇಡ. ಪ್ರಶ್ನೆ ಇಡಿಸುವುದು ಬಿಡುವುದು ನಿಮ್ಮ ಮನೆಯ ವಿಷಯ. ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸುವಾಗ ಮಾತ್ರ ರಜೆ ಹಾಕಿ ಊರಿಗೆ ಬನ್ನಿ, ಅಪ್ಪನಿಗೆ ಇಷ್ಟವಾದ ಮೀನಿನ ಸಾರನ್ನು ನೀವೇ ಮಾಡಿ. ಅಮ್ಮನ ಕನಸಿನಲ್ಲಿ ಅಪ್ಪ ಹೇಗೆ ಬರುತ್ತಾರೆಂದೂ ಕೇಳಿ.

ಕನಸು ಬರುವುದು ಕೆಟ್ಟದ್ದಲ್ಲ. ರೊಸಾಲಿಂಡ್ ಕಾರ್ಟ್‌ರೈಟ್ ಎಂಬ ಸಂಶೋಧಕಿ ವಿಚ್ಛೇದನದಿಂದ ಖಿನ್ನರಾದವರ ಕನಸುಗಳನ್ನು ದಾಖಲಿಸಿದ್ದರು. ಬಿಟ್ಟುಹೋದ ಸಂಗಾತಿಯನ್ನು ಭಾವನೆ ತುಂಬಿದ ಕನಸಿನಲ್ಲಿ ಕಂಡವರೇ ಮುಂದೆ ಹೆಚ್ಚಾಗಿ ಚೇತರಿಸಿಕೊಂಡಿದ್ದರು. ನನ್ನ ಅಮ್ಮ ತೀರಿಕೊಂಡ ಮೊದಲ ವರ್ಷ ಕನಸಿನಲ್ಲಿ ಕಾಯಿಲೆಯವಳಾಗಿಯೇ ಬರುತ್ತಿದ್ದಳು. ಮೂರನೆಯ ವರ್ಷ ಒಂದು ಬೆಳಗಿನ ಜಾವ ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತ ಕೂತಿದ್ದಳು, ‘ಕಡ್ಡಿ ಕೊಡು’ ಎಂದಳು. ದಿಂಬಿನ ಪಕ್ಕದ ನೋಟುಪುಸ್ತಕದಲ್ಲಿ ಅದಷ್ಟೇ ಬರೆದಿಟ್ಟಿದ್ದೇನೆ.

ನಿಮ್ಮ ಕನಸು ಮಾತ್ರ ಒಂದೇ ಕಡೆ ಸಿಕ್ಕಿಹಾಕಿಕೊಂಡಿದೆ. ಅದಕ್ಕೆ ಇಮೇಜರಿ ರಿಹರ್ಸಲ್ ಎಂಬ ಒಂದು ಅಭ್ಯಾಸ ಉಂಟು. ಕನಸನ್ನು ಕಾಗದದ ಮೇಲೆ ಬರೆಯಿರಿ, ಕೊನೆಯನ್ನು ನಿಮಗೆ ಬೇಕಾದ ಹಾಗೆ ಬದಲಿಸಿ. ಬದಲಿಸಿದ್ದನ್ನು ದಿನಾ ಹತ್ತು ಹದಿನೈದು ನಿಮಿಷ, ಎಚ್ಚರದಲ್ಲೇ, ಕಣ್ಣು ಮುಚ್ಚಿ ಕಾಣಿ. ದಕ್ಕೆಯ ಮೀನುವಾಸನೆ, ಒದ್ದೆ ಹಗ್ಗದ ಒರಟು, ಗೂಟಕ್ಕೆ ಸುತ್ತುವಾಗ ಕೈಗೆ ಬೀಳುವ ಬಿಗಿ, ಎಲ್ಲವೂ ಇರಲಿ. ಕಟ್ಟಿದ ಮೇಲೆ ಅಪ್ಪ ಇಳಿದು ಬರಬೇಕೋ, ಬೋಟಿನಲ್ಲೇ ನಿಂತು ಮಾತಾಡಬೇಕೋ, ಅದನ್ನು ನಾನು ಹೇಳುವುದಿಲ್ಲ. ಒಂದೆರಡು ವಾರ ಬಿಡದೆ ಮಾಡಿ.

ಅಷ್ಟಾದರೂ ನಿದ್ದೆ ಕೆಡುತ್ತಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ ಕಾಯಬೇಡಿ, ಮನೋವೈದ್ಯರನ್ನು ಕಾಣಿ. ರಾತ್ರಿಯಾದರೂ ಸರಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.